ತಾಯಿಯವರು ಕೈಯೊಡ್ಡಿದ ದಿನ

ಕರಿಮಡ್ಡಿಯ ಮಠವೆಂದರೆ ಮಠ ಎನ್ನುವಷ್ಟು ದೊಡ್ಡದೇನೂ ಅಲ್ಲ. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ತಗಡಿನ ಚಪ್ಪರ, ಹಿತ್ತಲಿನಲ್ಲಿ ಬಾವಿ, ಬಾವಿಯ ಬದಿಗೆ ನಾಲ್ಕು ಸಾಲು ಮೆಂತ್ಯದ ಸೊಪ್ಪು. ಪೂಜ್ಯ ನಿಜಗುಣವ್ವ ತಾಯಿಯವರು ನಲವತ್ತೊಂದು ವರ್ಷ ಬಾಳಿದ್ದು ಇಲ್ಲಿಯೇ. ದೂರದಿಂದ ಬಂದ ಭಕ್ತರು ತಾಯಿಯವರ ಕೋಣೆಯೊಳಗೆ ಇಣುಕಿದರೆ ಕಾಣುತ್ತಿದ್ದುದು ಒಂದು ಚಾಪೆ, ಒಂದು ಕೌದಿ, ಗೋಡೆಯ ಗೂಟಕ್ಕೆ ತೂಗುಹಾಕಿದ ಎರಡನೆಯ ಬಿಳಿ ಸೀರೆ. ಮೊದಲನೆಯದು ಮೈಮೇಲೆ ಇರುತ್ತಿತ್ತು. ಮೂರನೆಯದು ಇರಲಿಲ್ಲ.

ತಾಯಿಯವರದು ಅಯಾಚಿತ ವ್ರತ. ತಾವಾಗಿ ಯಾರ ಮುಂದೆಯೂ ‘ನನಗಿದು ಬೇಕು’ ಎನ್ನುವುದಿಲ್ಲ. ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುವುದು, ಏನೂ ಬಾರದ ದಿನ ಬಾವಿಯ ನೀರು ಕುಡಿದು ಶಿವನಾಮ ಹೇಳಿ ಮಲಗುವುದು. ಮಠದಲ್ಲಿ ಕಾಣಿಕೆಯ ಪೆಟ್ಟಿಗೆ ಇರಲಿಲ್ಲ, ಪಾವತಿ ಪುಸ್ತಕ ಇರಲಿಲ್ಲ. ಸೋಮವಾರಕ್ಕೊಮ್ಮೆ ಸುತ್ತಲಿನ ಊರವರು ಜೋಳ, ಬೇಳೆ, ಕಾಯಿಪಲ್ಯ ತಂದು ಸುರಿದರೆ ತಾಯಿಯವರೇ ನಿಂತು ಅಡುಗೆ ಮಾಡಿಸಿ, ಬಂದವರಿಗೆಲ್ಲ ತಮ್ಮ ಕೈಯಾರೆ ಬಡಿಸುತ್ತಿದ್ದರು. ಒಮ್ಮೆ ಮೂರು ದಿನ ಸುಡುವ ಜ್ವರದಲ್ಲಿ ಬಿದ್ದಿದ್ದರೂ ಅವರು ಯಾರನ್ನೂ ಒಂದು ತಂಬಿಗೆ ನೀರು ಕೇಳಲಿಲ್ಲವಂತೆ. ನಾಲ್ಕನೆಯ ದಿನ ಹಾಲು ಹಾಕುವ ಹೆಣ್ಣುಮಗಳು ಬಾಗಿಲು ತಳ್ಳಿ ನೋಡಿದಾಗಲೇ ಊರಿಗೆ ಗೊತ್ತಾದದ್ದು. ಈ ಮಾತನ್ನು ಹೇಳುವಾಗ ಭಕ್ತರ ಕಣ್ಣುಗಳು ಒದ್ದೆಯಾಗುತ್ತಿದ್ದವು.

ಅಂಥ ವ್ರತ ಒಂದು ಸೋಮವಾರ ಮಧ್ಯಾಹ್ನ, ಪಂಕ್ತಿಯ ನಡುವೆ, ಎಲ್ಲರ ಕಣ್ಣೆದುರೇ ಮುರಿಯಿತು. ಯಾರ ಸಲುವಾಗಿ ಮುರಿಯಿತು ಎಂಬುದನ್ನು ಮಕ್ಕಳಿರುವ ಪ್ರತಿಯೊಬ್ಬ ಭಕ್ತರೂ ತಿಳಿದಿರಬೇಕು.

ಮಹಾರುದ್ರಪ್ಪ ಮಾಸ್ತರು ಹತ್ತು ಹರದಾರಿ ದೂರದ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಪಾಠ ಹೇಳುವವರು. ಇಪ್ಪತ್ತರ ಹರೆಯದಲ್ಲಿ ತಮ್ಮ ತಾಯಿಯ ಜೊತೆಗೆ ಮಠಕ್ಕೆ ಬಂದವರು, ಆ ಎರಡು ಸೀರೆಗಳನ್ನು ಕಂಡು, ಜ್ವರದ ಕಥೆಯನ್ನು ಕೇಳಿ, ಬದುಕಿದರೆ ಹೀಗೆ ಬದುಕಬೇಕೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಅಂದಿನಿಂದ ಅವರ ಸೀಸಪೆನ್ಸಿಲ್ಲು ಉಗುರುದ್ದಕ್ಕೆ ಬಂದರೂ ಹಳೆಯ ಪೆನ್ನಿನ ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಂಡು ಬರೆದರು. ಅಂಗಿಯ ಕಾಲರು ಸವೆದರೆ ತಿರುವಿ ಹೊಲಿಸಿದರು. ಜೊತೆಯ ಮಾಸ್ತರುಗಳು, “ಮಾರುದ್ರಪ್ಪನವರ, ನಿಮ್ಮ ನೆರಳಿಗೂ ಒಂದು ತ್ಯಾಪಿ ಹಚ್ಚಿಸೀರೇನ್ರಿ?” ಎಂದು ಚೇಷ್ಟೆ ಮಾಡಿದರೆ ತಾವೂ ನಗುತ್ತಿದ್ದರು. ಇದರಿಂದ ಯಾರಿಗೂ ಕೇಡಾಗಲಿಲ್ಲ. ಒಳ್ಳೆಯ ನಡತೆಯೇ ಅದು.

ಮದುವೆಯಾಗಿ ಎಂಟು ವರ್ಷಕ್ಕೆ ಒಬ್ಬಳೇ ಮಗಳು ಹುಟ್ಟಿದಳು. ಪ್ರಣತಿ ಎಂದು ಹೆಸರಿಟ್ಟರು. ಮನೆಯಾಕೆ ಸುವರ್ಣಾ ಹಟ ಹಿಡಿದದ್ದಕ್ಕೆ ಕೂಸನ್ನು ತಾಲ್ಲೂಕಿನ ಊರಿನ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಕಳಿಸತೊಡಗಿದರು. ಅಲ್ಲಿಯ ಮಕ್ಕಳ ಲೋಕವೇ ಬೇರೆ. ಗುಂಡಿ ಒತ್ತಿದರೆ ತೆರೆಯುವ ಕಂಪಾಸು, ತಿಂಗಳಿಗೊಂದು ಬಗೆಯ ನೀರಿನ ಬಾಟಲಿ, ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಚಾಕಲೇಟು. ಬೆಳಗಾದರೆ ಯಾರ ಮನೆಗೋ ಪಾರ್ಸೆಲ್ಲು ಬಂದ ಸುದ್ದಿ. ಬೇಕು ಎನ್ನುವುದರೊಳಗೆ ಬಂದು ಬೀಳುವುದು, ಬಂದ ಮರುದಿನ ಬೇಸರವಾಗುವುದು. ಮಾಸ್ತರಿಗೆ ಅಂಜಿಕೆಯಾಯಿತು. ಈ ಹೊಳೆಯಲ್ಲಿ ನನ್ನ ಕೂಸೂ ಕೊಚ್ಚಿಹೋದರೆ ಗತಿಯೇನು? ಅವರ ಅಂಜಿಕೆ ಪ್ರೀತಿಯದೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ಅವರು ಮಗಳನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಆಕೆ ಏನಾದರೂ ಕೇಳಿದರೆ ಮುಖ ಆಚೆಗೆ ತಿರುಗಿಸಿ ಸುಮ್ಮನಾಗುತ್ತಿದ್ದರು. ಆಮೇಲೆ ತಾಯಿಯವರ ಜ್ವರದ ಕಥೆ ಹೇಳುತ್ತಿದ್ದರು. ಚಿಟ್ಟೆಯ ಚಿತ್ರದ ಕೊಡೆ ಕೇಳಿದಾಗ ಹೇಳಿದರು. ನಡೆದರೆ ಹಿಮ್ಮಡಿಯಲ್ಲಿ ದೀಪ ಹತ್ತುವ ಬೂಟು ಕೇಳಿದಾಗಲೂ ಅದನ್ನೇ ಹೇಳಿದರು. ಪ್ರಣತಿಗೆ ಎಂಟು ತುಂಬಿದ ವರ್ಷ ಸಂತೆಯಲ್ಲಿ ಆಕೆಯ ಸೋದರಮಾವ ಒಂದು ಗೊಂಬೆ ಕೊಡಿಸಹೋದರೆ ಕೂಸು, “ಬ್ಯಾಡ ಮಾಮಾ,” ಎಂದಿತು. ಮಾಸ್ತರು ಸಂತೆಯ ನಡುವೆಯೇ ಆಕೆಯನ್ನು ಎತ್ತಿಕೊಂಡು ಮುದ್ದಿಟ್ಟರು. “ಈಗ ನೀ ನನ್ನ ಮಗಳು ನೋಡವ್ವಾ!” ಎಂದರು. ಸಿಕ್ಕವರಿಗೆಲ್ಲ ಹೇಳಿಕೊಂಡು ಹಿಗ್ಗಿದರು.

ಅಪ್ಪನ ಹಿಗ್ಗು ಎಲ್ಲಿದೆ ಎಂಬುದು ಮಗಳಿಗೆ ಅಂದು ತಿಳಿದುಹೋಯಿತು. ಮುಂದೆ ಆಕೆ ಏನನ್ನೂ ಕೇಳಲಿಲ್ಲ. ಮಾವಿನ ಹಣ್ಣು ಬ್ಯಾಡ. ಹೊಸ ಲಂಗ ಬ್ಯಾಡ. ಇನ್ನೊಂದು ರೊಟ್ಟಿ ಬ್ಯಾಡ.

“ಅಲ್ರೀ, ಒಂಬತ್ತು ವರ್ಷದ ಕೂಸು ಏನೂ ಕೇಳೂದಿಲ್ಲ ಅಂದ್ರ ಅದು ಹಿಗ್ಗೂ ಮಾತೇನ್ರಿ?” ಎಂದು ಸುವರ್ಣಾ ಒಮ್ಮೆ ಅಂದರು.

“ಇದಕ್ಕ ಸಂಸ್ಕಾರ ಅಂತಾರ,” ಎಂದರು ಮಾಸ್ತರು.

“ಸಂಸ್ಕಾರನೋ, ಬಾಯಿಗೆ ಹಾಕಿದ ಬೀಗನೋ. ಶಿವಗ ಗೊತ್ತು.”

ಒಂದು ದಿನ ಸುವರ್ಣಾ ಹಾಸಿಗೆ ಕೊಡಹುವಾಗ ಮಗಳ ದಿಂಬಿನ ಮೇಲೆ ಹಳದಿ ಕಲೆ ಕಂಡರು. ಕೂದಲು ಸರಿಸಿ ನೋಡಿದರೆ ಎಡಗಿವಿಯ ಹಿಂದೆ ಬಾವು, ಒಳಗೆ ಕೀವು. ಮುಟ್ಟಿದರೆ ಕೂಸು ಹಲ್ಲು ಕಚ್ಚಿತೇ ಹೊರತು ಅಳಲಿಲ್ಲ. ಡಾಕ್ಟರು ನೋಡಿದರು, ಆಸ್ಪತ್ರೆಗೆ ಸೇರಿಸಿಕೊಂಡು ಶಸ್ತ್ರಕ್ರಿಯೆ ಮಾಡಿದರು. ಆಮೇಲೆ ಮಾಸ್ತರನ್ನು ಹೊರಗೆ ಕರೆದು ಹೇಳಿದರು: “ಜೀವಕ್ಕೆ ಅಪಾಯ ಇಲ್ಲ. ಆದರೆ ಈ ಕಿವಿ ಇನ್ನು ಕೇಳೋದಿಲ್ಲ. ನೋವು ಶುರುವಾದಾಗಲೇ ಕರಕೊಂಡು ಬಂದಿದ್ದರೆ ಹನಿ ಔಷಧದಲ್ಲಿ ಹೋಗುತ್ತಿತ್ತು. ಇಷ್ಟು ನೋವನ್ನ ಈ ಮಗು ಹೇಗೆ ತಡಕೊಂಡಿತು, ಸರ್?”

ಮಾಸ್ತರು ಮಗಳನ್ನು ಎಷ್ಟು ಕೇಳಿದರೂ ಆಕೆ, “ಏನಿಲ್ಲಪ್ಪಾ,” ಎನ್ನುವಳು. ಗಾಯ ಮಾಯ್ದ ಮೇಲೂ ಅಷ್ಟೇ. ಹಸಿವೆಯೇ? ಏನಿಲ್ಲ. ನೋವೇ? ಏನಿಲ್ಲ. ಸುವರ್ಣಾ ಗಂಡನೊಡನೆ ಮಾತು ಬಿಟ್ಟರು. ಹದಿನೈದು ದಿನದ ಮೇಲೆ ಆಡಿದ್ದು ಒಂದೇ ಮಾತು: “ನಿಮ್ಮ ತಾಯಾರಿಗೆ ಹೋಗಿ ಹೇಳಿ ಬರ್ರಿ, ಶಿಷ್ಯಾಳು ಪಾಸಾದಳು ಅಂತ.”

ಆ ಮಾತು ಎದೆಯಲ್ಲಿ ಮುರಿದ ಮುಳ್ಳಾಯಿತು. ಮುಂದಿನ ಸೋಮವಾರ ಮಾಸ್ತರು ಮಗಳ ಕೈ ಹಿಡಿದು ಕರಿಮಡ್ಡಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರೊಳಗೆ ಒಂದೇ ಕುದಿ. ನಿಮ್ಮನ್ನು ನಂಬಿದೆ, ನಿಮ್ಮಂತೆಯೇ ಬೆಳೆಸಿದೆ, ನನ್ನ ಕೂಸಿಗೆ ಹೀಗೇಕಾಯಿತು ಎಂದು ಮುಖದ ಮೇಲೆಯೇ ಕೇಳಬೇಕು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಮಠದ ಹೊಸ್ತಿಲಿಗೆ ಕೈ ಮುಟ್ಟಿಸದೆ ಒಳಗೆ ಬಂದರು.

ಚಪ್ಪರದ ಕೆಳಗೆ ಪಂಕ್ತಿ ಕುಳಿತಿತ್ತು. ತಾಯಿಯವರು ಸೊಂಟಕ್ಕೆ ಸೆರಗು ಕಟ್ಟಿ ನುಚ್ಚು ಬಡಿಸುತ್ತ ಬರುತ್ತಿದ್ದರು. ಯಾರೋ ಅಪ್ಪ ಮಗಳಿಗೆ ಜಾಗ ಮಾಡಿಕೊಟ್ಟರು. ತಾಯಿಯವರು ಹತ್ತಿರ ಬಂದದ್ದೇ ಪ್ರಣತಿ ತಾಟಿನ ಮೇಲೆ ಎರಡೂ ಕೈ ಮುಚ್ಚಿ, “ಬ್ಯಾಡ,” ಎಂದಳು.

ತಾಯಿಯವರು ನಕ್ಕರು. “ಪಾತ್ರ್ಯಾಗ ಏನೈತಿ ಅಂತ ನೋಡಿಯಾದ್ರೂ ಬ್ಯಾಡ ಅನ್ನವ್ವಾ!”

ಪಂಕ್ತಿಯೆಲ್ಲ ನಕ್ಕಿತು. ಕೂಸು ನಗಲಿಲ್ಲ. ಅದು ತಾಟನ್ನೇ ನೋಡುತ್ತ ಕುಳಿತಿತ್ತು.

“ಆ ಕಡೆ ಆಕಿಗೆ ಕೇಳ್ಸೂದಿಲ್ರಿ ತಾಯಾರ,” ಎಂದರು ಮಾಸ್ತರು. ಅಲ್ಲಿಗೆ ಅವರ ಕಟ್ಟೆ ಒಡೆಯಿತು. ಕುಳಿತಲ್ಲೇ ಎಲ್ಲವನ್ನೂ ಹೇಳಿದರು. ದಿಂಬಿನ ಕಲೆ, ಡಾಕ್ಟರ ಮಾತು, ಮಾತು ಬಿಟ್ಟ ಹೆಂಡತಿ. “ನೀವು ನಡದ ದಾರಿ ಹಿಡದು ನಡದೇವ್ರಿ. ಮಗಳಿಗೂ ಅದನ್ನ ಕಲಿಸಿದೆ. ಲೋಕದವರು ತಮ್ಮ ಮಕ್ಕಳಿಗೆ ಬೇಡಿದ್ದೆಲ್ಲಾ ಕೊಟ್ಟು ಕೆಡಸ್ತಾರ, ನಾ ಕೆಡಸಲಿಲ್ಲ. ನನಗ ಯಾಕ್ರಿ ಈ ಶಿಕ್ಷಾ?”

ತಾಯಿಯವರು ಸುತ್ತಿ ಬಂದು ಕೂಸಿನ ಬಲಗಡೆ ನೆಲದ ಮೇಲೆ ಕುಳಿತರು. “ನೋವಾದಾಗ ಅವ್ವಗ ಯಾಕ ಹೇಳಲಿಲ್ಲ ತಂಗಿ?” ಎಂದು ಕೇಳಿದರು.

ಯಾರಿಗೂ ಹೇಳದ ಮಾತನ್ನು ಪ್ರಣತಿ ಅವರಿಗೆ ಹೇಳಿದಳು. ತಾಯಿಯವರಿಗಾದರೆ ಇದು ತಿಳಿಯುತ್ತದೆ ಎಂಬ ಧೈರ್ಯ ಇದ್ದಿರಬೇಕು. “ನಿಮಗ ಜ್ವರ ಬಂದಾಗ ನೀವೂ ಯಾರಿಗೂ ಹೇಳಿದ್ದಿಲ್ಲಂತಲ್ರಿ. ಅಪ್ಪಗ ಅದು ಭಾಳ ಸೇರ್ತೈತಿ.” ಸಣ್ಣ ಹೆಮ್ಮೆಯಿಂದ, “ನೀವು ಮೂರು ದಿನ ಹೇಳಿದ್ದಿಲ್ಲ. ನಾ ಇಪ್ಪತ್ತು ದಿನ ಹೇಳಲಿಲ್ರಿ,” ಎಂದಳು.

ಪಂಕ್ತಿಯಲ್ಲಿ ಉಣ್ಣುತ್ತಿದ್ದವರ ಕೈ ಬಾಯಿಗೆ ಹೋಗಲಿಲ್ಲ. ಮಹಾರುದ್ರಪ್ಪ ಮಾಸ್ತರು ಮಗಳ ಮುಖವನ್ನು ನೋಡಿದರು. ನೋಡಲಾರದೆ ಕಣ್ಣು ಮುಚ್ಚಿದರು. ಕೇಳಲು ತಂದಿದ್ದ ಪ್ರಶ್ನೆಗೆ ಉತ್ತರ ಅವರ ಮಗಳ ಬಾಯಿಂದಲೇ ಬಂದಿತ್ತು.

ತಾಯಿಯವರ ಕಣ್ಣಿಂದ ನೀರಿಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

“ತಂಗಿ, ಆ ಕಥಿ ಅರ್ಧಾ ಹೇಳ್ಯಾರ ನಿನಗ. ಆ ಮೂರು ದಿನ ನಾ ಅತ್ತೇನಿ. ಯಾರಾದ್ರೂ ಬಂದಾರೇನು ಅಂತ ಬಾಗಲಾನ ನೋಡ್ಕೊಂತ ಮಲಗಿದ್ದೆ. ಹಾಲಿನಾಕಿ ಬಂದಾಗ ಆಕಿ ಕಾಲ ಹಿಡಕೊಂಡಿದ್ದೆ. ಅದನ್ನ ಯಾರೂ ಹೇಳೂದಿಲ್ಲ. ನಾನೂ ಹೇಳಲಿಲ್ಲ. ತಪ್ಪು ನಂದು.”

ಆಮೇಲೆ ಮಾಸ್ತರ ಕಡೆ ತಿರುಗಿದರು. ದನಿ ಏರಲಿಲ್ಲ. “ನನ್ನ ವ್ರತಾ ನನ್ನ ಹೆಗಲ ಮ್ಯಾಲಿತ್ತಪ್ಪಾ. ನೀ ನಿನ್ನ ವ್ರತಾ ಯಾರ ಹೆಗಲ ಮ್ಯಾಲೆ ಇಟ್ಟಿ?”

ಮಾಸ್ತರು ತಲೆ ತಗ್ಗಿಸಿದರು.

ಆಗ ತಾಯಿಯವರು, ಅಷ್ಟು ವರ್ಷ ಯಾರ ಮುಂದೆಯೂ ಚಾಚದಿದ್ದ ತಮ್ಮ ಬಲಗೈಯನ್ನು ಮಾಸ್ತರ ಮುಂದೆ ಚಾಚಿದರು.

“ನನಗ ಒಂದು ಲಿಂಬಿಹುಳಿ ಪೆಪ್ಪರಮಿಂಟ ತಿನಬೇಕು ಅನಿಸೈತಿ. ಕೊಡಸ್ತೀಯೇನಪ್ಪಾ?”

ಪಂಕ್ತಿಯ ತುದಿಯಲ್ಲಿದ್ದ ಹಿರಿಯರೊಬ್ಬರು ಗಾಬರಿಯಾಗಿ ಎದ್ದುನಿಂತರು. “ತಾಯಾರ! ಏನಿದು? ನಿಮ್ಮ ವ್ರತಾ...”

“ವ್ರತಾ ಮುದುಕಿ ಆಗೈತಿ ಬಿಡಪ್ಪಾ. ಕೂಸು ಸಣ್ಣದೈತಿ,” ಎಂದರು ತಾಯಿಯವರು. ಚಾಚಿದ ಕೈ ಹಾಗೆಯೇ ಇತ್ತು. ಕೂಸು ಆ ಕೈಯನ್ನೇ ಬೆರಗಿನಿಂದ ನೋಡುತ್ತಿತ್ತು.

ಮಾಸ್ತರು ಬರಿಗಾಲಲ್ಲೇ ಓಡಿದರು. ಊರ ಅಗಸೆಬಾಗಿಲ ಬಳಿಯ ಗೂಡಂಗಡಿಯಿಂದ ತಂದದ್ದು ಒಂದಲ್ಲ, ಭರಣಿಗೆ ಭರಣಿಯನ್ನೇ ಎತ್ತಿಕೊಂಡು ಬಂದಿದ್ದರು. ಹಳದಿ ಪೆಪ್ಪರಮಿಂಟುಗಳು ತುಂಬಿದ ಆ ಗಾಜಿನ ಭರಣಿಯನ್ನು ಮಗಳ ಮುಂದಿಟ್ಟು ಬಿಕ್ಕುತ್ತ ನಿಂತರು. “ತೊಗೊಳವ್ವಾ, ಎಲ್ಲಾ ನಿಂದ, ಎಲ್ಲಾ ನಿಂದ...”

ತಾಯಿಯವರು ಭರಣಿಯಿಂದ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. “ನಾ ಕೇಳಿದ್ದು ಒಂದು. ನಿನಗ ಬೇಕೇನು ತಂಗಿ?”

ಪ್ರಣತಿ ಅಪ್ಪನ ಮುಖ ನೋಡಿದಳು. ಆಕೆಯ ತುಟಿ ಒಮ್ಮೆ ಅಲುಗಿತು. ಆದರೆ ಮಾತು ಹೊರಡಲಿಲ್ಲ. ಆಕೆ ತಲೆ ತಗ್ಗಿಸಿದಳು. ಒಂದೇ ಗಳಿಗೆಯಲ್ಲಿ ಎಲ್ಲ ಸರಿಯಾಗಿಬಿಡುವುದು ಕಥೆಗಳಲ್ಲಿ. ಕೂಸಿನ ಎದೆಯಲ್ಲಿ ವರ್ಷಗಟ್ಟಲೆ ಬೇರುಬಿಟ್ಟದ್ದು ಅಷ್ಟು ಸುಲಭಕ್ಕೆ ಕೀಳುವುದಿಲ್ಲ.

ತಾಯಿಯವರು ಒತ್ತಾಯ ಮಾಡಲಿಲ್ಲ. “ಉಳಿದದ್ದು ಅಂಗಡಿಗೆ ತಿರುಗಿ ಕೊಟ್ಟು ಬಾರಪ್ಪಾ,” ಎಂದರು. ಮಾಸ್ತರು ಕೊಟ್ಟು ಬಂದು ಪಾದಕ್ಕೆ ಹಣೆ ಹಚ್ಚಿದಾಗ ಅವರ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಕೇಳಿದ್ದೆಲ್ಲಾ ಕೊಡಬ್ಯಾಡ. ಕೊಡಾಕೂ ಆಗೂದಿಲ್ಲ. ಆದರ ಕೇಳಿದಾಗ ಮಾರಿ ತಿರುವಬ್ಯಾಡ. ಬೇಕು ಅನ್ನಾಕ ಕಲತ ಕೂಸಿಗೆ, ಸಾಕು ಅನ್ನೂದು ತಾನ ಬರ್ತೈತಿ.”

ಮರಳುವ ಬಸ್ಸು ಅರ್ಧ ಖಾಲಿ. ಪ್ರಣತಿ ಕಿಟಕಿಯ ಬಳಿ ಕುಳಿತಳು, ಮಾಸ್ತರು ಪಕ್ಕಕ್ಕೆ. ಸ್ವಲ್ಪ ದೂರ ಬಂದ ಮೇಲೆ ಅವರು, “ಏನಾದ್ರೂ ಬೇಕೇನವ್ವಾ?” ಎಂದು ಕೇಳಿದರು. ಮಗಳು ಹೊರಗೆ ನೋಡುತ್ತಿದ್ದಳು. ಇನ್ನೊಮ್ಮೆ ಕೇಳಿದರು. ಆಕೆ ತಿರುಗಲಿಲ್ಲ. ತಾವು ಕುಳಿತದ್ದು ಆಕೆಯ ಎಡಕ್ಕೆ ಎಂಬುದು ಆಗ ಹೊಳೆಯಿತು. ಹೆಗಲು ಮುಟ್ಟಿ, ಸನ್ನೆ ಮಾಡಿ ಆಕೆಯನ್ನು ಈಚೆಗೆ ಸರಿಸಿ ತಾವು ಕಿಟಕಿಯ ಬಳಿ ಕುಳಿತರು. ಈಗ ಬಲಗಿವಿ ಅವರ ಕಡೆಗಿತ್ತು. ಕೇಳಲು ಬಾಯಿ ತೆರೆಯುವುದರೊಳಗೆ ಮಗಳೇ ಮೆಲ್ಲಗೆ ಅಂದಳು:

“ಅಪ್ಪಾ... ಕಿಡಕಿ ನನಗ ಬೇಕು.”

ಅಂದವಳೇ ಬೆಚ್ಚಿ ಅಪ್ಪನ ಮುಖ ನೋಡಿದಳು. ಮಾಸ್ತರು ಮುಖ ತಿರುಗಿಸಲಿಲ್ಲ. ಕಣ್ಣೀರು ಇಳಿಯುತ್ತಿದ್ದರೂ ಅಳುತ್ತಲೇ ನಕ್ಕು, “ಬಾರವ್ವಾ,” ಎಂದು ಎದ್ದು, ಆಚೆ ಸಾಲಿನ ಖಾಲಿ ಸೀಟಿಗೆ ಕರೆದೊಯ್ದರು. ಅಲ್ಲಿ ಕಿಟಕಿಯೂ ಆಕೆಗಾಯಿತು, ಬಲಗಿವಿಯೂ ಅವರ ಕಡೆಗೇ ಬಂದಿತು. ಆಕೆ ಬಹಳ ಹೊತ್ತು ಗಾಳಿಗೆ ಮುಖವೊಡ್ಡಿ ಕುಳಿತಳು. ತಾಲ್ಲೂಕಿನ ಊರಿನ ಮನೆಗಳು ಕಾಣತೊಡಗಿದಾಗ ಅಪ್ಪನ ತೋಳಿನ ಬಟ್ಟೆ ಜಗ್ಗಿದಳು.

“ಅಪ್ಪಾ, ಈ ಕಿವಿನೂ ನಿನ್ನಿಯಿಂದ ನೋಯಾಕತ್ತೈತಿ. ಡಾಕ್ಟರ ಕಡೆ ಹೋಗೂಣು?”

ಮಾಸ್ತರು ಎದ್ದು ನಿಂತು ಬಸ್ಸು ನಿಲ್ಲಿಸಲು ಕೂಗಿದರು. ಅವರ ಗುಣ ಬಲ್ಲ ಕಂಡಕ್ಟರು ನಗೆಯಾಡಿದ: “ಏನ್ರಿ ಮಾಸ್ತರ, ನಿಮ್ಮೂರತನಕಾ ಟಿಕೆಟ್ ತಗಿಸಿ ಇಲ್ಲೇ ಇಳೀತೀರಿ? ಹಾಳಾತಲ್ರಿ!”

“ಹಾಳಾಗ್ಲಿ ಬಿಡೋ ತಮ್ಮಾ,” ಎಂದರು ಮಹಾರುದ್ರಪ್ಪ ಮಾಸ್ತರು. ಮಗಳನ್ನು ಎತ್ತಿಕೊಂಡರು. ಹತ್ತು ವರ್ಷದ ಹುಡುಗಿ. ಅವರ ಕೈಯಲ್ಲಿ ಇರಬೇಕಾದುದಕ್ಕಿಂತ ತೀರ ಹಗುರವಾಗಿದ್ದಳು.

ಹನಿ ಔಷಧದಲ್ಲಿ ಬಲಗಿವಿ ಉಳಿಯಿತು. ಎಡಗಿವಿ ಮರಳಲಿಲ್ಲ, ಯಾರ ಕೃಪೆಯಿಂದಲೂ ಮರಳುವಂಥದ್ದಾಗಿರಲಿಲ್ಲ ಅದು. ತಾಯಿಯವರು ಆ ವ್ರತವನ್ನು ಮತ್ತೆ ಹಿಡಿಯಲಿಲ್ಲ. ಬಂದ ಮಕ್ಕಳ ಮುಂದೆ ಏನಾದರೊಂದನ್ನು ಬೇಡುವುದು, ಒಂದು ಹೂವು, ಒಂದು ತುತ್ತು, ಲಿಂಗೈಕ್ಯರಾಗುವವರೆಗೆ ಅವರ ಪೂಜೆಯಂತೆಯೇ ನಡೆಯಿತು. ಮಹಾರುದ್ರಪ್ಪ ಮಾಸ್ತರು ಇಂದಿಗೂ ತಿರುವಿ ಹೊಲಿಸಿದ ಕಾಲರಿನ ಅಂಗಿಯನ್ನೇ ತೊಡುತ್ತಾರೆ. ಆದರೆ ಮಗಳು ‘ಬ್ಯಾಡ’ ಎಂದ ದಿನ ಅವರಿಗೆ ಅನ್ನ ಸೇರುವುದಿಲ್ಲ. ಆಕೆಯ ಬಲಕ್ಕೆ ಬಂದು ಕುಳಿತು, ಯಾಕೆ ಬ್ಯಾಡ ಎಂದು ಕೇಳಿ, ಆಕೆ ಹೇಳುವುದನ್ನು ಕೊನೆಯವರೆಗೆ ಕೇಳಿದ ಮೇಲೆಯೇ ಏಳುತ್ತಾರೆ.